ಡಿಕ್ಕಿಯಲ್ಲಿ ಟಿವಿ, ಮುಂದೆ ಗಡಿನಾಡಿನ ಶಾಲೆ: ಪುಣೆಯಿಂದ ಹೊರಟ ಒಂದು ಪ್ರವಾಸದ ಪ್ರಕರಣ ಅಧ್ಯಯನ

ಪುಣೆಯ ನಿಗಡಿ, ವಾಕಡ ಕಡೆಯ ಕೆಲವು ಕನ್ನಡ ಮನೆಗಳವರು ಚಳಿಗಾಲದಲ್ಲಿ ಎರಡು ಮೂರು ಕಾರು ಮಾಡಿಕೊಂಡು ಒಟ್ಟಿಗೆ ಊರು ಸುತ್ತುವುದುಂಟು. ಒಂದು ವರ್ಷ ಕೊಂಕಣ, ಇನ್ನೊಂದು ವರ್ಷ ಹಂಪಿ. ಕಳೆದ ಚಳಿಗಾಲದಲ್ಲಿ ಈ ತಿರುಗಾಟಕ್ಕೆ ಒಂದು ಕೆಲಸವೂ ಸೇರಿಕೊಂಡಿತು. ಸೋಲಾಪುರ, ಸಾಂಗಲಿ ಜಿಲ್ಲೆಗಳ ಗಡಿ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ಕಡೆ ಹೋದವರಿಗೆ ಇದು ಗೊತ್ತು. ಆ ಶಾಲೆಗಳ ಶಿಕ್ಷಕರಿಗೆ ಲ್ಯಾಪ್‌ಟಾಪ್ ಮತ್ತು ಟಿವಿ ಮುಟ್ಟಿಸಿ, ದಾರಿಯಲ್ಲಿ ನಾಲ್ಕು ಜಾಗ ನೋಡಿಕೊಂಡು ಬರುವುದು ಅಂತ ಮಾತಾಯಿತು.

ಲ್ಯಾಪ್‌ಟಾಪ್ ಸಿದ್ಧ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಗಾಗಿ ಮೊದಲಿಂದ ಕೊನೆವರೆಗೂ ಜೊತೆಗಿದ್ದೆ. ಇಂಥದ್ದನ್ನೇ ಮಾಡಬೇಕು ಅಂತ ಈಗ ಬೇರೆಯವರೂ ಕೇಳುತ್ತಿದ್ದಾರೆ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಪ್ರವಾಸಕ್ಕೂ ದಾನಕ್ಕೂ ಒಂದೇ ಕಾರು ಸಾಕು, ಆದರೆ ಎರಡಕ್ಕೂ ಒಂದೇ ವೇಳಾಪಟ್ಟಿ ಹೊಂದುವುದಿಲ್ಲ. ಯಾವುದೋ ಒಂದು ಬಗ್ಗಬೇಕು. ಈ ಪ್ರಕರಣದಲ್ಲಿ ಪ್ರವಾಸ ಬಗ್ಗಿತು. ಸುಲಭವಾಗಿ ಬಗ್ಗಲಿಲ್ಲ, ಅಷ್ಟೇ.

ಸಾಮಾನು ಸಿಕ್ಕಿದ್ದು ಹೇಗೆ

ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಸ್ವಲ್ಪ ಹೊಸ ಪ್ರೊಸೆಸರ್ ಬೇಕು. ಹೀಗಾಗಿ ಚೆನ್ನಾಗಿ ಓಡುತ್ತಿದ್ದ ಎಷ್ಟೋ ಆಫೀಸ್ ಲ್ಯಾಪ್‌ಟಾಪ್‌ಗಳು ಒಮ್ಮೆಲೇ 'ಹಳೇ ಸಾಮಾನು' ಆದವು. ಹಿಂಜವಡಿಯಲ್ಲಿ ಕೆಲಸ ಮಾಡುವ ನಮ್ಮ ಗುಂಪಿನ ಇಬ್ಬರು ತಮ್ಮ ಆಫೀಸಿನಲ್ಲಿ ಕೇಳಿ, ಕಾಗದಪತ್ರ ಮಾಡಿಸಿ, ಒಂದು ಕಂತು ತಂದರು. ಟಿವಿಗಳನ್ನು ಮಾತ್ರ ಹೊಸದಾಗಿ ಕೊಂಡೆವು, ಎಲ್ಲರೂ ವಂತಿಗೆ ಹಾಕಿ.

ಬಂದ ಲ್ಯಾಪ್‌ಟಾಪ್‌ಗಳನ್ನೆಲ್ಲ ಕೊಡಲಿಲ್ಲ. ಕೆಲವದರ ಟಚ್‌ಪ್ಯಾಡ್ ಒಂದು ಕಡೆ ಎದ್ದು ನಿಂತಿತ್ತು. ಅಂದರೆ ಕೆಳಗಿನ ಬ್ಯಾಟರಿ ಉಬ್ಬಿದೆ ಅಂತ ಅರ್ಥ. ಅದನ್ನು ಶಾಲೆಗೆ ಕೊಡುವುದು ದಾನವಲ್ಲ, ಅಪಾಯ. ಅವು ಅಧಿಕೃತ ಇ-ವೇಸ್ಟ್ ಮರುಬಳಕೆದಾರರ ಹತ್ತಿರ ಹೋದವು. ಉಳಿದವುಗಳ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದೆ. 4 ಜಿಬಿ ರ‍್ಯಾಮ್ ಇದ್ದರೂ ಆರಾಮಾಗಿ ಓಡುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ 'ಕಗಪ' ವಿನ್ಯಾಸ ಸಿದ್ಧವಾಗಿಯೇ ಸಿಗುತ್ತದೆ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿ ಇರುವ ಮೇಷ್ಟ್ರಿಗೆ ಬೆರಳು ತಡವರಿಸುವುದಿಲ್ಲ.

ಪ್ರೊಜೆಕ್ಟರ್ ಬದಲು 43 ಇಂಚಿನ ಟಿವಿ ಯಾಕೆ ಅಂತ ಬಹಳ ಜನ ಕೇಳಿದರು. ಹಳ್ಳಿ ಶಾಲೆಯ ಕಿಟಕಿಗೆ ಪರದೆ ಇರುವುದಿಲ್ಲ, ಮಧ್ಯಾಹ್ನದ ಬೆಳಕಿನಲ್ಲಿ ಅಗ್ಗದ ಪ್ರೊಜೆಕ್ಟರ್ ಚಿತ್ರ ಗೋಡೆಯ ಮೇಲೆ ಕಾಣುವುದೇ ಇಲ್ಲ. ಒಳ್ಳೆಯ ಪ್ರೊಜೆಕ್ಟರ್ ತಂದರೂ ಅದರ ಬಲ್ಬು ಕೆಲವು ಸಾವಿರ ಗಂಟೆಗೆ ಸಾಯುತ್ತದೆ, ಹೊಸ ಬಲ್ಬಿನ ಬೆಲೆ ಕೇಳಿದರೆ ಶಾಲೆಯವರು ಸುಮ್ಮನಾಗುತ್ತಾರೆ. ಇದು ಊಹೆಯಲ್ಲ. 2015ರಲ್ಲಿ ಮಹಾರಾಷ್ಟ್ರ ಸರ್ಕಾರದ 'ಪ್ರಗತ ಶೈಕ್ಷಣಿಕ ಮಹಾರಾಷ್ಟ್ರ' ಕಾರ್ಯಕ್ರಮ ಬಂದಮೇಲೆ ಊರವರ ಲೋಕವರ್ಗಣಿಯಿಂದ, ಅಂದರೆ ವಂತಿಗೆಯಿಂದ, ಶಾಲೆಗಳನ್ನು ಡಿಜಿಟಲ್ ಮಾಡುವ ಹುರುಪು ಜೋರಾಗಿತ್ತು. ಆಗ ತಂದ ಪ್ರೊಜೆಕ್ಟರ್ ಒಂದನ್ನು ಆಮೇಲೆ ನಾವೇ ನೋಡಿದೆವು. ಡಬ್ಬಿ ಸಮೇತ ಕಪಾಟಿನಲ್ಲಿತ್ತು.

ಮ್ಯಾನೇಜರ್ ಸಾಹೇಬ್ರ ಪಟ್ಟಿ

ಪ್ರವಾಸದ ಯೋಜನೆ ಹಾಕುವವರು ಯಾವತ್ತೂ ನಮ್ಮ ಮ್ಯಾನೇಜರ್ ಸಾಹೇಬ್ರೇ. ಬ್ಯಾಂಕಿನಿಂದ ನಿವೃತ್ತರಾದವರು, ಎಕ್ಸೆಲ್ ಶೀಟ್ ಇಲ್ಲದೆ ಚಹಾ ಕೂಡ ಕುಡಿಯುವವರಲ್ಲ. ಅವರ ಮೊದಲ ಪಟ್ಟಿಯಲ್ಲಿ ಎಂಟು ಶಾಲೆ ಇದ್ದವು. ಜೊತೆಗೆ ಭಿಗವಣದಲ್ಲಿ ಉಜನಿ ಹಿನ್ನೀರಿನ ಫ್ಲೆಮಿಂಗೋ, ಅಕ್ಕಲಕೋಟೆ ಸ್ವಾಮಿ ಸಮರ್ಥರ ದರ್ಶನ, ಅಲ್ಲಿಂದ ವಿಜಯಪುರಕ್ಕೆ ಹೋಗಿ ಗೋಳಗುಮ್ಮಟ, ಜತ್ತ, ಮಿರಜ್ ಮೂಲಕ ವಾಪಸ್. ಒಂದೊಂದು ಶಾಲೆಗೆ ಅರ್ಧ ಗಂಟೆ. ಶಾಲು, ಫೋಟೋ, ಚಹಾ, ಮುಂದಿನ ಊರು.

ಕಾಗದದ ಮೇಲೆ ಚಂದ ಕಾಣುತ್ತಿತ್ತು. ಗುಂಪಿನಲ್ಲಿ ಯಾರೂ ಎದುರು ಮಾತಾಡಲಿಲ್ಲ, ಒಬ್ಬರನ್ನು ಬಿಟ್ಟು.

ಅವರನ್ನು ನಾವೆಲ್ಲ ಅಕ್ಕೋರು ಅಂತಲೇ ಕರೆಯುತ್ತೇವೆ. ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾಗಿ ಈಗ ನಿಗಡಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಶಾಲೆಗಳ ಹೆಸರು, ಮೇಷ್ಟ್ರ ಫೋನ್ ನಂಬರ್ ಎಲ್ಲ ಬಂದಿದ್ದು ಅವರಿಂದಲೇ. ಪಟ್ಟಿ ನೋಡಿ ಅವರು ಕೇಳಿದ್ದು ಒಂದೇ ಮಾತು:

"ಸಾಹೇಬ್ರ, ಅರ್ಧಾ ತಾಸಿನ್ಯಾಗ ಚಹಾ ಆರೂದಿಲ್ರಿ. ಟಿವಿ ಹಚ್ಚೂದು, ಕಲಸೂದು ಯಾವಾಗ?"

"ಅಕ್ಕೋರ, ವಿಡಿಯೋ ಮಾಡಿ ಕಳಸೂಣಲ್ಲ. ಈಗಿನ ಶಿಕ್ಷಕ್ರು ಎಲ್ಲಾ ಹುಷಾರದಾರ."

"ಹುಷಾರದಾರ, ಅದಕ್ಕ ಕಪಾಟಿಗೆ ಕೀಲಿ ಹಾಕಿ ಇಡ್ತಾರ."

ನಾವು ನಕ್ಕೆವು. ಅವರು ನಗಲಿಲ್ಲ. ಅವತ್ತು ಸಂಜೆ ಅವರು ಹೇಳಿದ ವಿಷಯ ಈ ಇಡೀ ಪ್ರಕರಣದ ತಿರುಳು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡೆಡ್‌ಸ್ಟಾಕ್ ರಜಿಸ್ಟರ್

ಸರ್ಕಾರಿ ಶಾಲೆಗೆ ಬಂದ ಬಾಳಿಕೆ ಸಾಮಾನೆಲ್ಲ ಡೆಡ್‌ಸ್ಟಾಕ್ ರಜಿಸ್ಟರಿನಲ್ಲಿ ಏರುತ್ತದೆ. ಕುರ್ಚಿ, ಗಂಟೆ, ತಕ್ಕಡಿ, ಕಪಾಟು, ಟಿವಿ, ಎಲ್ಲವೂ. ಮುಖ್ಯಾಧ್ಯಾಪಕರು ವರ್ಗವಾಗಿ ಹೋಗುವಾಗ ಅದರ ಪ್ರಕಾರ ಒಂದೊಂದನ್ನೂ ಮುಂದಿನವರಿಗೆ ಒಪ್ಪಿಸಬೇಕು. ಕಡಿಮೆ ಬಿದ್ದರೆ ಉತ್ತರ ಕೊಡಬೇಕಾದವರು ಅವರೇ. ಕೆಟ್ಟುಹೋದರೂ ಸುಮ್ನೆ ಬಿಸಾಡುವಂತಿಲ್ಲ. ಪಟ್ಟಿಯಿಂದ ತೆಗೆಸುವುದಕ್ಕೆ ಬೇರೆಯೇ ಕಾಗದದ ಓಡಾಟ.

ಈಗ ಮೇಷ್ಟ್ರ ಜಾಗದಲ್ಲಿ ನಿಂತು ನೋಡಿ. ಪುಣೆಯಿಂದ ಯಾರೋ ಬಂದು ಸಾವಿರಾರು ರೂಪಾಯಿಯ ಟಿವಿ ಇಟ್ಟು ಫೋಟೋ ತೆಗೆಸಿಕೊಂಡು ಹೋದರು. ಶಾಲೆಗೆ ರಾತ್ರಿ ಕಾವಲುಗಾರ ಇಲ್ಲ. ಬಾಗಿಲಿನ ಕೊಂಡಿ ಸಡಿಲ. ದಿನಾ ಹಚ್ಚಿದರೆ ಮಕ್ಕಳ ಕೈಯಲ್ಲಿ ಒಡೆಯಬಹುದು, ವೋಲ್ಟೇಜ್ ಏರಿಳಿದು ಸುಡಬಹುದು. ಹಚ್ಚದೆ ಕಪಾಟಿನಲ್ಲಿ ಇಟ್ಟರೆ ಏನೂ ಆಗುವುದಿಲ್ಲ. ಕಪಾಟಿನಲ್ಲಿಡುವವರು ಸೋಮಾರಿಗಳಲ್ಲ. ಆ ವ್ಯವಸ್ಥೆಯಲ್ಲಿ ಅದೇ ಬುದ್ಧಿವಂತಿಕೆ, ಅಲ್ವಾ?

"ಹಂಗಾರ ಶಾಲಿಗೆ ಕೊಡೂದ ಬ್ಯಾಡ, ಶಿಕ್ಷಕರ ಕೈಯಾಗ ಕೊಡೂಣು" ಅಂದರು ಸಾಹೇಬ್ರು. ಅದೂ ಸರಿ ಹೋಗುವುದಿಲ್ಲ. ವೈಯಕ್ತಿಕವಾಗಿ ಕೊಟ್ಟರೆ ಊರಲ್ಲಿ ನಾಳೆ ಮಾತು ಬರುತ್ತದೆ: ಶಾಲೆ ಹೆಸರಲ್ಲಿ ಬಂದದ್ದು ಮೇಷ್ಟ್ರ ಮನೆ ಸೇರಿತು ಅಂತ. ಮೇಷ್ಟ್ರು ವರ್ಗವಾದರೆ ಲ್ಯಾಪ್‌ಟಾಪೂ ಹೋಯಿತು.

ಅಕ್ಕೋರು ಹಾಕಿಕೊಟ್ಟ ದಾರಿ ಇದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರತಿ ಸರ್ಕಾರಿ ಶಾಲೆಗೆ ಒಂದು ಶಾಲಾ ವ್ಯವಸ್ಥಾಪನ ಸಮಿತಿ ಇರುತ್ತದೆ, ಅದರಲ್ಲಿ ಹೆಚ್ಚಿನವರು ಪಾಲಕರು. ನಾವು ಹೋಗುವ ಮೊದಲೇ ಆ ಸಮಿತಿ ಸಭೆ ಸೇರಿ ಠರಾವು ಮಾಡಬೇಕು. ವಸ್ತು ಶಾಲೆಯದ್ದೇ, ಡೆಡ್‌ಸ್ಟಾಕಿಗೂ ಏರಲಿ. ಆದರೆ ಲ್ಯಾಪ್‌ಟಾಪ್ ಇಂಥ ಶಿಕ್ಷಕರ ಬಳಕೆಗೆ, ಮನೆಗೆ ಒಯ್ಯಲು ಅಡ್ಡಿಯಿಲ್ಲ ಅಂತ ಬರೆಯಬೇಕು. ನಮ್ಮ ದಾನಪತ್ರದಲ್ಲೂ ಒಂದು ಸಾಲು ಸೇರಿತು: ಬಳಸುವಾಗ ಕೆಟ್ಟರೆ ಅಥವಾ ಒಡೆದರೆ ಯಾವ ಶಿಕ್ಷಕರಿಂದಲೂ ನಷ್ಟ ಭರ್ತಿ ಕೇಳಬಾರದು ಎಂಬುದು ಕೊಡುವವರ ಇಚ್ಛೆ. ಈ ಸಾಲಿಗೆ ಕಾನೂನಿನ ಬಲ ಎಷ್ಟಿದೆಯೋ, ಅದರ ಮೇಲೆ ನಾನು ಪಂಥ ಕಟ್ಟುವುದಿಲ್ಲ. ಆದರೆ ಫೋನಿನಲ್ಲಿ ಅದನ್ನು ಓದಿ ಹೇಳಿದಾಗ ಒಬ್ಬ ಮೇಷ್ಟ್ರ ದನಿಯೇ ಬದಲಾಯಿತು. ಅಲ್ಲಿಯವರೆಗೆ "ಹೂಂರಿ, ಹೂಂರಿ" ಅನ್ನುತ್ತಿದ್ದವರು, ಆಮೇಲೆ ಟಿವಿಗೆ ಲ್ಯಾಪ್‌ಟಾಪ್ ಜೋಡಿಸುವ ಎಚ್‌ಡಿಎಂಐ ಕಿಂಡಿ ಎಷ್ಟು ಇವೆ ಅಂತ ಕೇಳಿದರು.

ಇದೇ ಫೋನ್ ಮಾತುಕತೆಯಲ್ಲಿ ಪಟ್ಟಿ ತಾನಾಗೇ ಸಣ್ಣದಾಯಿತು. ಅಕ್ಕೋರು ಕೇಳುತ್ತಿದ್ದ ಪ್ರಶ್ನೆಗಳು ಬಹಳ ಸಾದಾ: ತರಗತಿ ಕೋಣೆಯೊಳಗೆ ಪ್ಲಗ್ ಇದೆಯಾ? ಲೈಟ್ ಬಿಲ್ ಕಟ್ಟಿದ್ದಾರಾ? ಈ ವರ್ಷ ನಿಮ್ಮ ವರ್ಗಾವಣೆ ಪಾಳಿ ಬರುತ್ತದಾ? ಶನಿವಾರ ಮಧ್ಯಾಹ್ನ ಕೂರಲು ಆಗುತ್ತದಾ? ಕೆಲವು ಕಡೆ ಈಗಾಗಲೇ ಟಿವಿ ಇತ್ತು. ಕೆಲವರಿಗೆ ಕೂರಲು ಆಗುತ್ತಿರಲಿಲ್ಲ. ಕೊನೆಗೆ ಅಕ್ಕಲಕೋಟೆ ತಾಲ್ಲೂಕಿನಲ್ಲಿ ಎರಡು, ಜತ್ತ ತಾಲ್ಲೂಕಿನಲ್ಲಿ ಒಂದು ಶಾಲೆ ಉಳಿದವು. ಗೋಳಗುಮ್ಮಟ ಪಟ್ಟಿಯಿಂದ ಹೋಯಿತು. ಸಾಹೇಬ್ರು ಮುನಿಸಿಕೊಂಡು ಮಾತು ಕಡಿಮೆ ಮಾಡಿದರು.

ಪುಸ್ತಕ ಯಾರದು

ಇನ್ನೊಂದು ವಿಷಯ ಪುಣೆಯಲ್ಲಿ ಕೂತವರಿಗೆ ಹೊಳೆಯುವುದು ಕಷ್ಟ. ಕನ್ನಡ ಶಾಲೆ ಅಂದ ತಕ್ಷಣ ಕರ್ನಾಟಕದ ಪಾಠದ ವಿಡಿಯೋಗಳನ್ನು ತುಂಬಿಕೊಟ್ಟರೆ ಆಯಿತು ಅಂತ ಅನ್ನಿಸುತ್ತದೆ. ಆದರೆ ಈ ಮಕ್ಕಳು ಓದುವುದು ಬಾಲಭಾರತಿ ಪುಸ್ತಕ. 1967ರಲ್ಲಿ ಶುರುವಾದ ಈ ಪಠ್ಯಪುಸ್ತಕ ಸಂಸ್ಥೆ ಇರುವುದು ನಮ್ಮ ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲೇ. ಮರಾಠಿ, ಉರ್ದು, ಗುಜರಾತಿ ಜೊತೆ ಕನ್ನಡದಲ್ಲೂ ಪುಸ್ತಕ ತರುತ್ತದೆ. ನಾಲ್ಕನೆಯ ಇಯತ್ತೆಯ (ತರಗತಿಯ) ಪರಿಸರ ಅಭ್ಯಾಸದ ಎರಡನೇ ಭಾಗ ಪೂರ್ತಿ ಶಿವಾಜಿ ಮಹಾರಾಜರ ಇತಿಹಾಸ. ಕರ್ನಾಟಕದ ಯಾವ ವಿಡಿಯೋದಲ್ಲಿ ಅದು ಪಾಠದ ಪ್ರಕಾರ ಸಿಕ್ಕೀತು? ಭಾಷೆ ನಮ್ಮದು, ಪಠ್ಯಕ್ರಮ ಮಹಾರಾಷ್ಟ್ರದ್ದು.

ಹಾಗಾಗಿ ಲ್ಯಾಪ್‌ಟಾಪಿಗೆ ಮೊದಲು ಹಾಕಿದ್ದು ಬಾಲಭಾರತಿಯ ಕನ್ನಡ ಪುಸ್ತಕಗಳ ಪಿಡಿಎಫ್. ಟಿವಿಯಲ್ಲಿ ಪುಟ ದೊಡ್ಡದು ಮಾಡಿ ತೋರಿಸಿದರೆ ಅದೇ ಅರ್ಧ ಕೆಲಸ. ಗಣಿತ, ವಿಜ್ಞಾನದ ಕೆಲವು ವಿಡಿಯೋಗಳನ್ನು ಮಾತ್ರ ಮೇಷ್ಟ್ರು ಹೇಳಿದ ಪಾಠಕ್ಕೆ ಹೊಂದಿಸಿ ಇಳಿಸಿಕೊಟ್ಟೆ. ಪುಸ್ತಕದ ಕ್ಯೂಆರ್ ಕೋಡ್, 2017ರಲ್ಲಿ ಬಂದ ಸರ್ಕಾರಿ ಕಲಿಕಾ ಆ್ಯಪ್ ದೀಕ್ಷಾ ಇವೆಲ್ಲ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿ ಹೆಸರಾದ, 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಗೆದ್ದು ಅದರ ಅರ್ಧ ಹಣವನ್ನು ಅಂತಿಮ ಸುತ್ತಿನ ಉಳಿದ ಸ್ಪರ್ಧಿಗಳಿಗೆ ಹಂಚಿದ ರಣಜಿತಸಿಂಹ ಡಿಸಲೆ ಅವರೂ ಇದೇ ಸೋಲಾಪುರ ಜಿಲ್ಲೆಯ ಮಾಢಾ ತಾಲ್ಲೂಕಿನ ಪರಿತೇವಾಡಿ ಶಾಲೆಯಲ್ಲಿದ್ದವರು.

ಬ್ಯಾನರ್ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಯಾರೋ ಕಾರಿಗೆ ಹಳದಿ ಕೆಂಪು ಬ್ಯಾನರ್ ಕಟ್ಟೋಣ ಅಂದರು. 2022ರ ಕೊನೆಯಲ್ಲಿ ಜತ್ತದ ಹಳ್ಳಿಗಳ ಹೆಸರಲ್ಲಿ ಎರಡೂ ರಾಜ್ಯದಲ್ಲಿ ಗಡಿ ವಿವಾದದ ಗದ್ದಲ ಎಷ್ಟು ಆಯಿತು ಅಂತ ನೆನಪಿದ್ದವರು ಬೇಡ ಅಂದೆವು. ಈ ಶಿಕ್ಷಕರು ಮಹಾರಾಷ್ಟ್ರದ ನೌಕರರು. ನಾವು ಒಂದು ದಿನ ಇದ್ದು ಬರುತ್ತೇವೆ, ಅವರು ಅಲ್ಲೇ ಇರಬೇಕು.

ದಾರಿ

ಸೋಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಯಾತ್ರೆ ಸಂಕ್ರಾಂತಿಗೆ ಇರುತ್ತದೆ. ಆ ದಿನಗಳಲ್ಲಿ ಲಾಡ್ಜ್ ಸಿಗುವುದಿಲ್ಲ. ಅದು ಮುಗಿದ ಮೇಲೆ ಒಂದು ಶುಕ್ರವಾರ ನಸುಕಿನಲ್ಲಿ ಹೊರಟೆವು. ಸೋಲಾಪುರ ಸುಮಾರು 250 ಕಿಲೋಮೀಟರ್, ರಸ್ತೆ ಚೆನ್ನಾಗಿದೆ. ಟಿವಿ ಪೆಟ್ಟಿಗೆಯನ್ನು ಮಲಗಿಸಿ ಒಯ್ಯಬಾರದು, ಗುಂಡಿ ಸಿಕ್ಕಾಗ ಪರದೆಗೆ ಪೆಟ್ಟು. ಇನ್ನೋವಾದ ಹಿಂದಿನ ಸೀಟು ಮಡಚಿ, ಎರಡು ಗಾದಿಗಳ ನಡುವೆ ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿದೆವು. ಆ ಗಾಡಿಯಲ್ಲಿ ಮಕ್ಕಳಿಗೆ ಜಾಗ ಉಳಿಯಲಿಲ್ಲ, ಅವರು ಇನ್ನೊಂದು ಕಾರಿನಲ್ಲಿ ತೊಡೆ ಮೇಲೆ ಕೂತರು. ಭಿಗವಣದಲ್ಲಿ ಫ್ಲೆಮಿಂಗೋ ನೋಡಲು ಇಳಿಯಬೇಕು ಅಂತ ಅವರದೇ ಹಟ. ಇಳಿದಿದ್ದರೆ ಶಾಲೆ ಬಿಡುವ ಹೊತ್ತಿಗೆ ಹೋಗಿ ಮುಟ್ಟುತ್ತಿದ್ದೆವು. ವಾಪಸ್ ಬರುವಾಗ ನೋಡೋಣ ಅಂತ ಸಮಾಧಾನ ಮಾಡಿ ಮುಂದೆ ಹೋದೆವು. ಟೆಂಭುರ್ಣಿಯಲ್ಲಿ ಚಹಾ, ಅಷ್ಟೇ.

ಮೊದಲ ಶಾಲೆಯಲ್ಲಿ ಗೋಡೆ ಕೈಕೊಟ್ಟಿತು. ಹಳೇ ಕಲ್ಲು ಮಣ್ಣಿನ ಗೋಡೆ, ಮೇಲೆ ಸಿಮೆಂಟ್ ಗಿಲಾವು. ಡ್ರಿಲ್ ಹಾಕಿದರೆ ತೂತಿನಿಂದ ಮಣ್ಣು ಸುರಿಯಿತು, ಬೋಲ್ಟ್ ಹಿಡಿಯಲೇ ಇಲ್ಲ. ಅಲ್ಲಿಯ ಮೇಷ್ಟ್ರು ಗಾಬರಿ ಆಗಲಿಲ್ಲ. ಊರ ವೆಲ್ಡಿಂಗ್ ಅಂಗಡಿಯವನು ಶಾಲೆಯ ಹಳೇ ವಿದ್ಯಾರ್ಥಿಯಂತೆ. ಫೋನ್ ಮಾಡಿದರು, ಅವನು ಬಂದು ಟೇಪು ಹಿಡಿದು ಅಳೆದುಕೊಂಡು ಹೋದ. ಸಂಜೆಗೆ ಆ್ಯಂಗಲ್ ಕಬ್ಬಿಣದ ಸ್ಟ್ಯಾಂಡ್ ತಯಾರು, ಕೆಳಗೆ ಗಾಲಿ ಸಮೇತ. ಈಗ ಟಿವಿ ಒಂದು ವರ್ಗದಿಂದ ಇನ್ನೊಂದಕ್ಕೆ ಉರುಳುತ್ತದೆ, ರಾತ್ರಿ ಕೀಲಿ ಇರುವ ಕೋಣೆಗೆ ಹೋಗುತ್ತದೆ. ನಾವು ಪುಣೆಯಿಂದ ತಂದ ಗೋಡೆ ಬ್ರಾಕೆಟ್ ಡಿಕ್ಕಿಯಲ್ಲೇ ಉಳಿಯಿತು.

ಅವತ್ತು ಸಂಜೆ ಎರಡನೇ ಶಾಲೆಗೆ ಹೋಗುವುದು ಆಗಲಿಲ್ಲ. ಶನಿವಾರಕ್ಕೆ ಹೋಯಿತು. ಒಳ್ಳೆಯದೇ ಆಯಿತು. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಮನೆಗೆ ಹೋಗುತ್ತಾರೆ. ಕೂತು ಕಲಿಯಲು ಶಿಕ್ಷಕರಿಗೆ ಬೇರೆ ಸಮಯವೇ ಇಲ್ಲ.

ಅಲ್ಲಿ ಇಬ್ಬರೇ ಶಿಕ್ಷಕರು, ಒಂದರಿಂದ ನಾಲ್ಕರವರೆಗೆ. ಅವರಲ್ಲೊಬ್ಬರು, ಆ ಶಾಲೆಯ ಅಕ್ಕೋರು, ತಮ್ಮ ಪರ್ಸಿನಿಂದ ಒಂದು ಪೆನ್‌ಡ್ರೈವ್ ತೆಗೆದರು. ಎಷ್ಟೋ ವರ್ಷದ ಪ್ರಶ್ನೆಪತ್ರಿಕೆ ಅದರಲ್ಲಿ. ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅವರ ಮುಖ ಇಳಿದುಹೋಯಿತು. ಅವೆಲ್ಲ ಎಲ್ಲ ಯಂತ್ರದಲ್ಲೂ ಕನ್ನಡ ಕಾಣಿಸುವ ಯೂನಿಕೋಡ್ ಬರುವ ಮುಂಚಿನ ರೀತಿಯಲ್ಲಿ, ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದವು. ಅದೇ ಪೆನ್‌ಡ್ರೈವಿನ ಮೂಲೆಯಲ್ಲಿ ಯಾವಾಗಲೋ ಸೈಬರ್ ಕೆಫೆಯವನು ಹಾಕಿಕೊಟ್ಟ ಫಾಂಟ್ ಫೈಲ್ ಇತ್ತು. ಅದನ್ನು ಲ್ಯಾಪ್‌ಟಾಪಿಗೆ ಸೇರಿಸಿ ಲಿಬ್ರೆಆಫೀಸ್ ಮುಚ್ಚಿ ತೆರೆದೆ. 'ಘಟಕ ಚಾಚಣಿ, ಇಯತ್ತೆ ಮೂರನೆಯ' (ಮೂರನೇ ತರಗತಿಯ ಘಟಕ ಪರೀಕ್ಷೆ) ಅಂತ ಕನ್ನಡದಲ್ಲಿ ಬಂತು.

"ಅಯ್ಯ, ನಮ್ಮ ಪೇಪರ್ ಬಂತಲ್ರಿ!" ಅಂದವರೇ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವು ಕೂತರು. ಆಮೇಲೆ ನನಗೆ ಕೆಲಸ ಇರಲಿಲ್ಲ. ಟಿವಿ, ವಿಡಿಯೋ, ದೀಕ್ಷಾ ಎಲ್ಲ ಪಕ್ಕಕ್ಕೆ ಹೋಗಿ ಮೂರು ಗಂಟೆ ಪ್ರಶ್ನೆಪತ್ರಿಕೆ ತಿದ್ದುವುದೇ ನಡೆಯಿತು. ಗುಂಪಿನ ಹುಡುಗನೊಬ್ಬನಿಗೆ ಇದು ಬೇಸರ. "ಅಂಕಲ್, ಇದು ಮಕ್ಕಳಿಗೋಸ್ಕರ ತಂದಿದ್ದಲ್ವಾ?" ಅಂದ.

ನಾನು ಒಪ್ಪುವುದಿಲ್ಲ. ಈ ಶಿಕ್ಷಕರು ಬಿಸಿಯೂಟದ ಲೆಕ್ಕ, ಯುಡೈಸ್ ಅನ್ನುವ ಶಾಲಾ ಅಂಕಿಅಂಶದ ಮಾಹಿತಿ, ಶಾಲಾರ್ಥ ಅನ್ನುವ ಸಂಬಳದ ತಾಣದ ಪಗಾರ ಪಟ್ಟಿ ಎಲ್ಲವನ್ನೂ ಮೊಬೈಲಿನ ಸಣ್ಣ ಪರದೆಯಲ್ಲಿ ರಾತ್ರಿ ಕೂತು ತುಂಬುತ್ತಾರೆ, ಇಲ್ಲವೇ ತಾಲ್ಲೂಕಿಗೆ ಹೋಗಿ ದುಡ್ಡು ಕೊಟ್ಟು ಮಾಡಿಸುತ್ತಾರೆ. ಆ ಹೊತ್ತು ಉಳಿದರೆ ಅದು ಮಕ್ಕಳಿಗೇ ಬರುತ್ತದೆ. ಮೇಲಾಗಿ ತಮ್ಮ ಸ್ವಂತ ಕೆಲಸಕ್ಕೆ ದಿನಾ ತೆರೆಯುವ ಯಂತ್ರದ ಭಯ ಹೋಗುತ್ತದೆ, ಪಾಠಕ್ಕೂ ಕೈ ಬರುತ್ತದೆ. ಪಾಠಕ್ಕೆ ಮಾತ್ರ ಅಂತ ಕಟ್ಟಿಟ್ಟರೆ ಕಪಾಟೇ ಗತಿ.

ಜತ್ತದಲ್ಲಿ

ಭಾನುವಾರ ಮಂಗಳವೇಢೆ ಮೇಲಿಂದ ಜತ್ತಕ್ಕೆ. ಬಸವಣ್ಣ ಕರಣಿಕನಾಗಿ ಕೆಲಸ ಹಿಡಿದ ಮಂಗಳವಾಡ ಇದೇ ಊರು ಅಂತ ಸಾಹೇಬ್ರು ವಿವರಿಸಿದರು, ಅವರ ಮೌನ ಮುರಿದಿದ್ದೂ ಅಲ್ಲೇ. ಸೋಮವಾರ ಬೆಳಿಗ್ಗೆ ಶಾಲೆಗೆ ಹೋದರೆ ಮೀಟರ್ ಇದ್ದ ಜಾಗದಲ್ಲಿ ಬರೀ ವೈರು. ಬಿಲ್ ಬಾಕಿ ಅಂತ ಹಿಂದಿನ ವಾರ ಕನೆಕ್ಷನ್ ಕಡಿದಿದ್ದರು. ಗ್ರಾಮಪಂಚಾಯತಿ ಕಟ್ಟಬೇಕೋ ಶಾಲೆ ಕಟ್ಟಬೇಕೋ ಅನ್ನುವ ಹಳೇ ತಕರಾರು. ಮೇಷ್ಟ್ರು ನಾಚಿಕೆಯಿಂದ ಹೇಳಿರಲಿಲ್ಲ.

"ಸರ, ಟಿವಿ ಬ್ಯಾಡ್ರಿ ಈಗ. ಲ್ಯಾಪ್‌ಟಾಪ್ ಕೊಡ್ರಿ, ಮನ್ಯಾಗ ಚಾರ್ಜ್ ಮಾಡ್ಕೊಂಡು ಬರ್ತೀನಿ."

ಗುಂಪಿನಲ್ಲಿ ವಾದ ಎದ್ದಿತು. ಬಾಕಿ ನಾವೇ ಕಟ್ಟಿಬಿಡೋಣ ಅಂದರು ಒಬ್ಬರು. ನಮ್ಮ ಅಕ್ಕೋರು ಬೇಡವೇ ಬೇಡ ಅಂದರು: ಒಮ್ಮೆ ಹೊರಗಿನವರು ಕಟ್ಟಿದರೆ ಮುಂದೆ ಯಾರೂ ಕಟ್ಟುವುದಿಲ್ಲ. ಅದು ಕಠಿಣ ಅನ್ನಿಸಿದರೂ ಸರಿ ಅಂತಲೇ ನನಗೂ ಅನ್ನಿಸಿತು. ಟಿವಿಯನ್ನು ಅಲ್ಲೇ ಹತ್ತಿರದ, ಕರೆಂಟ್ ಇರುವ ಇನ್ನೊಂದು ಕನ್ನಡ ಶಾಲೆಗೆ ಕೊಡಲು ಸಾಹೇಬ್ರು ಹೊರಟರು. ಅಲ್ಲಿ ಠರಾವು ಆಗಿಲ್ಲ, ಯಾರ ಜೊತೆಯೂ ಮಾತಾಗಿಲ್ಲ. ಬೇಡ ಅಂತ ತೀರ್ಮಾನವಾಗಿ, ಟಿವಿ ಪುಣೆಗೆ ವಾಪಸ್ ಬಂತು. ಕೊಡಲೆಂದು ಒಯ್ದ ವಸ್ತು ತಿರುಗಿ ತರುವುದಕ್ಕೆ ಗುಂಪಿನಲ್ಲಿ ಕೆಲವರಿಗೆ ಬಹಳ ಸಂಕೋಚ. ನನ್ನ ಮಟ್ಟಿಗೆ ಇಡೀ ಪ್ರವಾಸದ ಒಳ್ಳೆಯ ನಿರ್ಧಾರ ಅದೇ.

ಭಿಗವಣಕ್ಕೆ ವಾಪಸ್ ದಾರಿಯಲ್ಲಿ ಹೋಗಲೇ ಇಲ್ಲ. ಜತ್ತದಿಂದ ಮಿರಜ್, ಸಾತಾರಾ ಮೇಲಿಂದ ಬಂದುಬಿಟ್ಟೆವು. ಮಕ್ಕಳು ಇನ್ನೂ ಕೇಳುತ್ತಿದ್ದಾರೆ.

ಆಮೇಲೆ

ಖರ್ಚಿನ ಮಾತು. ಡೀಸೆಲ್, ಟೋಲ್, ಲಾಡ್ಜ್, ಊಟ ಕೂಡಿಸಿದರೆ ಆ ದುಡ್ಡಿಗೆ ಎಲ್ಲ ಸಾಮಾನನ್ನೂ ಟ್ರಾನ್ಸ್‌ಪೋರ್ಟಿನಲ್ಲಿ ಕಳಿಸಿ ಇನ್ನಷ್ಟು ಉಳಿಯುತ್ತಿತ್ತು. ಆದ್ದರಿಂದ ಪ್ರವಾಸದ ಖರ್ಚನ್ನು ದಾನದ ಲೆಕ್ಕದಲ್ಲಿ ಸೇರಿಸಲಿಲ್ಲ. ಅವರವರ ತಿರುಗಾಟ, ಅವರವರ ಜೇಬು. ಇದನ್ನು ಮೊದಲೇ ಬೇರೆ ಮಾಡಿಟ್ಟದ್ದರಿಂದ ಜಗಳ ತಪ್ಪಿತು. ಆದರೆ ಟ್ರಾನ್ಸ್‌ಪೋರ್ಟ್ ಲಾರಿ ವೆಲ್ಡಿಂಗ್ ಅಂಗಡಿಗೆ ಕಾಯುತ್ತಿರಲಿಲ್ಲ, ಹಳೇ ಫಾಂಟ್ ಹುಡುಕುತ್ತಿರಲಿಲ್ಲ. ಮೀಟರ್ ಇಲ್ಲದ ಶಾಲೆಯಲ್ಲೂ ಟಿವಿ ಇಳಿಸಿ ಸಹಿ ತಗೊಂಡು ಹೋಗುತ್ತಿತ್ತು.

ಅಕ್ಕಲಕೋಟೆಯ ಗಾಲಿ ಟಿವಿ ಓಡಾಡುತ್ತಿದೆ. ಒಮ್ಮೆ ಎಚ್‌ಡಿಎಂಐ ಕೇಬಲ್ಲಿನ ತುದಿ ಮುರಿಯಿತು, ಸೋಲಾಪುರದಿಂದ ತಂದುಕೊಂಡರು, ನಮಗೆ ಹೇಳಿದ್ದು ಆಮೇಲೆ. ಪ್ರಶ್ನೆಪತ್ರಿಕೆಯ ಅಕ್ಕೋರು ಈಗ ತಮ್ಮ ಕೇಂದ್ರದ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಉಳಿದ ಶಾಲೆಗಳಿಗೂ ಪತ್ರಿಕೆ ಟೈಪ್ ಮಾಡಿ ಕೊಡುತ್ತಾರೆ. ಅವರಿಗೆ ಕೆಲಸ ಜಾಸ್ತಿಯೇ ಆಯಿತು. ಅದು ನಮ್ಮ ಲೆಕ್ಕದಲ್ಲಿ ಇರಲಿಲ್ಲ, ಅವರಿಗೂ ಅದು ಅಷ್ಟೇನೂ ಖುಷಿಯಲ್ಲ. ಒಬ್ಬರ ಹತ್ತಿರ ಯಂತ್ರ ಇದೆ ಅಂತ ಗೊತ್ತಾದರೆ ಎಲ್ಲರ ಕಾಗದವೂ ಅಲ್ಲಿಗೇ ಬರುತ್ತದೆ. ಮುಂದೆ ಕೊಡುವುದಾದರೆ ಒಂದೇ ಕೇಂದ್ರದ ಎಲ್ಲ ಶಾಲೆಗಳಿಗೆ ಒಟ್ಟಿಗೆ ಕೊಡಬೇಕು ಅಂತ ನಮ್ಮ ಅಕ್ಕೋರ ವಾದ. ಬೇರೆ ಬೇರೆ ತಾಲ್ಲೂಕು ಮುಟ್ಟಿದರೆ ತಿರುಗಾಟ ಚಂದ ಆಗುತ್ತದೆ ಅನ್ನುವುದು ಸಾಹೇಬ್ರ ವಾದ. ಇದು ಇನ್ನೂ ಬಗೆಹರಿದಿಲ್ಲ.

ಜತ್ತದ ಮೇಷ್ಟ್ರಿಗೆ ಬೇಸಿಗೆಯಲ್ಲಿ ವರ್ಗವಾಯಿತು. ಠರಾವಿನ ಪ್ರಕಾರ ಲ್ಯಾಪ್‌ಟಾಪ್ ಶಾಲೆಗೇ ಬಿಟ್ಟರು, ಪಾಸ್‌ವರ್ಡ್ ಮತ್ತು ಚಾರ್ಜರ್ ಸಮೇತ. ಹೊಸಬರು ಜೂನ್‌ನಲ್ಲಿ ಬಂದವರೇ ಫೋನ್ ಮಾಡಿದರು. ವಿಂಡೋಸ್ ಯಾಕಿಲ್ಲ ಅಂತ ಮೊದಲು ಬೈದರು, ಆಮೇಲೆ ಪುಣೆಗೆ ಹೋದ ಟಿವಿ ಯಾವಾಗ ಬರುತ್ತದೆ ಅಂತ ಕೇಳಿದರು. ಮೀಟರ್ ಕೂತಿದೆಯಂತೆ. ಬಿಲ್ ಕಟ್ಟಿದ ರಸೀದಿಯ ಫೋಟೋ ಕಳಿಸಿ ಅಂತ ನಮ್ಮ ಅಕ್ಕೋರು ಹೇಳಿದ್ದಾರೆ.